ಜನವರಿ ಚಳಿಯಲ್ಲಿ ಕ್ರಾಕೋವ್, ಕಡಿಮೆ ಖರ್ಚಿನಲ್ಲಿ

ಕ್ರಿಸ್‌ಮಸ್, ಹೊಸ ವರ್ಷದ ಗಲಾಟೆ ಮುಗಿದ ಮೇಲೆ ಪೋಲೆಂಡಿನ ಕ್ರಾಕೋವ್‌ನಲ್ಲಿ ರೂಮು ಅಗ್ಗ. ಬರ್ಲಿನ್‌ನಿಂದ ರಾತ್ರಿ ಬಸ್ಸಿಗೆ ಹೋದೆವು, ಒಂದು ರಾತ್ರಿಯ ಬಾಡಿಗೆಯೂ ಉಳಿಯಿತು. ಇಂಥ ಲೆಕ್ಕದಲ್ಲಿ ನಮ್ಮನೆಯವರು ಬಲು ಚುರುಕು.

ಊಟಕ್ಕೆ ಬಾರ್ ಮ್ಲೆಚ್ನಿ ಹುಡುಕಿ. ಕಮ್ಯುನಿಸ್ಟರ ಕಾಲದಿಂದ ಉಳಿದುಕೊಂಡು ಬಂದ ಅಗ್ಗದ ಕ್ಯಾಂಟೀನು. ಕೌಂಟರಿನಲ್ಲಿ ದುಡ್ಡು ಕೊಟ್ಟು ತಟ್ಟೆ ನಾವೇ ತರಬೇಕು. ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೋಗಿ ನಮ್ಮ ಕಡುಬಿನ ಹಾಗೇ ಇರುತ್ತದೆ. ಮೇಲೆ ಹಂದಿಮಾಂಸದ ಚೂರು ಉದುರಿಸುವುದುಂಟು, ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ. ಜೊತೆಗೆ ಬಿಸಿ ಬೀಟ್‌ರೂಟ್ ಸೂಪು. ಆ ಚಳಿಗೆ ಇನ್ನೇನು ಬೇಕು!

1257ರಲ್ಲಿ ರೂಪಿಸಿದ ದೊಡ್ಡ ಚೌಕ ಸುಮ್ನೆ ಸುತ್ತಲಿಕ್ಕೇ ಚೆಂದ. ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ತುತ್ತೂರಿ ಊದುತ್ತಾರೆ. ಊದುವವರು ಅಗ್ನಿಶಾಮಕ ದಳದವರು! ರಾಗ ಥಟ್ಟನೆ ಅರ್ಧಕ್ಕೇ ನಿಲ್ಲುತ್ತದೆ. ಹಿಂದೆ ಕಾವಲುಗಾರನೊಬ್ಬ ಊದುತ್ತಿದ್ದಾಗ ತಾರ್ತಾರರ ಬಾಣ ಗಂಟಲಿಗೆ ನಾಟಿತು ಅಂತ ಕತೆ. ಕತೆಯೇ ಇರಬಹುದು, ಆದರೂ ಪ್ರತಿ ಸಲ ಕತ್ತೆತ್ತಿ ನಿಂತೆವು.

ವಾವೆಲ್ ಕೋಟೆಯ ಅಂಗಳಕ್ಕೆ ಟಿಕೆಟ್ ಬೇಡ. ಅರಮನೆಯ ಒಳಗೆ ಹೋಗದೆ, ಆ ದುಡ್ಡಿಗೆ ವೆಲಿಚ್ಕಾ ಉಪ್ಪಿನ ಗಣಿ ನೋಡಿದೆವು. ನೆಲದಡಿ ಸುಮಾರು 17 ಡಿಗ್ರಿ. ಇವರು ಜಾಕೆಟ್ ಬಿಚ್ಚಿ ನನ್ನ ಕೈಗೆ ಕೊಟ್ಟರು.