ಎಷ್ಟು ಬಿತ್ತು?

5 ಲಕ್ಷ 83 ಸಾವಿರ ರೂಪಾಯಿ. ಇಬ್ಬರಿಗೆ, ಎಂಟು ರಾತ್ರಿಗೆ, 2024ರ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ, ವಿಮಾನದ ಟಿಕೆಟ್ಟೂ ಸೇರಿ. ಉತ್ತರ ಸಿಕ್ಕಿತಲ್ಲ, ಅಷ್ಟೇ ಬೇಕಿದ್ದವರು ಇಲ್ಲಿಂದಲೇ ಹೊರಡಬಹುದು. ಐಸ್‌ಲ್ಯಾಂಡಿನಿಂದ ಬಂದ ಮೇಲೆ ಈ ಅಂಕಿಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಲೆಕ್ಕ ಬರೆಯುವುದೇ ಹೊಟ್ಟೆಪಾಡಾದ ನನಗೆ ಹಾಗೆ ಹೇಳಲು ನಾಚಿಕೆಯಾಗುತ್ತದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸಿ ಸುಮ್ಮನಾಗುತ್ತೇನೆ.

ನನ್ನ ಸಿಟ್ಟು ಪ್ರಶ್ನೆಯ ಮೇಲಲ್ಲ, ಅದರ ಕೊನೆಯ ಪದದ ಮೇಲೆ. ಯಾರೂ ‘ಎಷ್ಟು ಖರ್ಚು ಮಾಡಿದಿರಿ’ ಎನ್ನುವುದಿಲ್ಲ. ‘ಒಬ್ಬೊಬ್ಬರಿಗೆ ಎಷ್ಟು ಬಿತ್ತು?’ ಎನ್ನುತ್ತಾರೆ. ನಮ್ಮಲ್ಲಿ ರೇಷ್ಮೆ ಸೀರೆಗೂ ಬೀಳುತ್ತದೆ, ಸೈಟಿಗೂ ಬೀಳುತ್ತದೆ, ಬೈಪಾಸ್ ಆಪರೇಷನ್ನಿಗೂ ಬೀಳುತ್ತದೆ. ದುಡ್ಡು ನಾವಾಗಿ ಕೊಟ್ಟದ್ದಲ್ಲ, ಎಲ್ಲಿಂದಲೋ ಬಂದು ನಮ್ಮ ತಲೆಯ ಮೇಲೆ ಬಿದ್ದದ್ದು ಎಂಬ ಧಾಟಿ. ಕೇಳುವವರ ಕಣ್ಣಿನಲ್ಲಿ ಮೊದಲು ಕನಿಕರ, ಅದರ ಬೆನ್ನಿಗೇ ಭಾಗಾಕಾರ.

ಅಣ್ಣನ ಮಗನ ಉಪನಯನದಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಊರು. ಎರಡನೆಯ ಪಂಕ್ತಿ. ಸಾರು ಬಡಿಸುವ ಹುಡುಗ ನನ್ನ ಎಲೆಯ ಮುಂದೆ ಬಗ್ಗಿದ್ದ. ಎದುರು ಸಾಲಿನಿಂದ ಚಿಕ್ಕಪ್ಪ, ಮೂರು ಎಲೆ ಆಚೆಯವರಿಗೂ ಕೇಳುವಂತೆ, “ಅದೇನೋ ಹಿಮದ ದ್ವೀಪಕ್ಕೆ ಹೋಗಿದ್ದೆಯಂತಲ್ಲ, ಎಷ್ಟು ಬಿತ್ತು?” ಎಂದರು. ಸುಳ್ಳು ಹೇಳಬಹುದಿತ್ತು. ತವರಿನ ಪಂಕ್ತಿಯಲ್ಲಿ ಕುಳಿತು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಹುಡುಗ ಸೌಟು ಓರೆ ಮಾಡಿಕೊಂಡು ನಿಂತೇಬಿಟ್ಟ. ಸಾರು ಅನ್ನದ ಗುಂಡಿ ತುಂಬಿ, ಪಲ್ಯ ದಾಟಿ, ಎಲೆಯ ಅಂಚಿನಿಂದ ನನ್ನ ಸೀರೆಯ ನೆರಿಗೆಗೆ ಬಂತು. ಚಿಕ್ಕಪ್ಪ ನಿಧಾನಕ್ಕೆ ಒಂದು ತುತ್ತು ನುಂಗಿ, “ಅಡಿಕೆ ಒಣಗಿಸಲು ಒಂದು ಒಳ್ಳೆಯ ಡ್ರೈಯರ್ ಬರುತ್ತಿತ್ತು” ಎಂದರು.

ಯಾರ ಅಡಿಕೆ? ನನಗೆ ತೋಟವಿಲ್ಲ. ಆದರೂ ಇಡೀ ಪಂಕ್ತಿ ತಲೆಯಾಡಿಸಿತು.

ಅಷ್ಟಕ್ಕೇ ನಿಲ್ಲಲಿಲ್ಲ. “ಏನು ನೋಡಿದೆ ಅಲ್ಲಿ?” ಎಂದು ಯಾರೋ ಕೇಳಿದ್ದಕ್ಕೆ ನಾನು ಪೆದ್ದಿ, ರೇನಿಸ್‌ಫ್ಯಾರಾ ಎಂಬ ಕಡಲತೀರದ ಕಪ್ಪು ಮರಳಿನ ಬಗ್ಗೆ, ಅಲ್ಲಿ ಹಾರ್ಮೋನಿಯಂ ಮನೆಗಳಂತೆ ಸಾಲಾಗಿ ನಿಂತ ಕಲ್ಲುಕಂಬಗಳ ಬಗ್ಗೆ ಹೇಳಲು ಹೋದೆ. “ಕಪ್ಪು ಮರಳು ಕಾರವಾರದಲ್ಲಿಲ್ಲವೇ? ಕಲ್ಲುಕಂಬ ಮಲ್ಪೆಯಲ್ಲಿಲ್ಲವೇ?” ಚಿಕ್ಕಪ್ಪ ಹೇಳಿದ್ದು ಸರಿಯೇ. ಮಾಜಾಳಿಯ ಆಚೆ ತಿಳಮಾತಿಯ ಮರಳು ಎಳ್ಳಿನಂತೆ ಕಪ್ಪು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಲಾವಾ ಆರಿ, ಕುಗ್ಗಿ, ಸೀಳಿ ಆದವೇ. ಐಸ್‌ಲ್ಯಾಂಡಿನ ಅತಿ ಹಳೆಯ ಬಂಡೆಗೆ ಸುಮಾರು 1.6 ಕೋಟಿ ವರ್ಷ. ಮಲ್ಪೆಯವು 8 ಕೋಟಿ ವರ್ಷಕ್ಕೂ ಹಿಂದಿನವು. ಅಂದರೆ ಆ ದೇಶ ಹುಟ್ಟುವ ಎಷ್ಟೋ ಮೊದಲೇ ನಮ್ಮವು ನಿಂತಿದ್ದವು. ಇದನ್ನೆಲ್ಲ ಒಪ್ಪಿಕೊಂಡು, “ನೀವು ಯಾವಾಗ ಹೋಗಿದ್ದಿರಿ ಮಲ್ಪೆಯ ದ್ವೀಪಕ್ಕೆ?” ಎಂದು ಕೇಳಿದೆ. ಅವರು ಮಜ್ಜಿಗೆ ಕರೆದರು.

ದುಡ್ಡು ಎಲ್ಲಿ ಹೋಯಿತು ಎಂದು ನಿಜವಾಗಿಯೂ ತಿಳಿಯಬೇಕಿದ್ದವರಿಗೆ: ಟಿಕೆಟ್ಟಿಗೆ 1,80,000, ಕೋಣೆಗಳಿಗೆ 1,52,000, ಬಾಡಿಗೆ ಕಾರಿಗೆ 1,12,000. ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ಷೆಂಗೆನ್ ವೀಸಾಕ್ಕೆ ತಲೆಗೆ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ರೈಲು ಎಂಬುದು ಆ ದೇಶದಲ್ಲೇ ಇಲ್ಲ. ಪೆಟ್ರೋಲ್ ಲೀಟರಿಗೆ 300 ಕ್ರೋನಾ ದಾಟಿತ್ತು, ಒಂದು ಕ್ರೋನಾ ಅಂದರೆ ಆಗ ನಮ್ಮ ಅರವತ್ತು ಪೈಸೆ ಚಿಲ್ಲರೆ. ಜಲಪಾತ ನೋಡಲು ಟಿಕೆಟ್ ಇಲ್ಲ, ಅದರ ಮುಂದೆ ಕಾರು ನಿಲ್ಲಿಸಲು ಇದೆ. ಹೋಟೆಲಿನಲ್ಲಿ ಒಂದು ಬಟ್ಟಲು ಸೂಪು, ಒಂದು ತುಂಡು ಬ್ರೆಡ್ಡಿಗೆ 3,000 ಕ್ರೋನಾದ ಆಸುಪಾಸು. ಅದನ್ನು ಒಂದೇ ಒಂದು ಸಲ ಕುಡಿದೆವು. ಮಾರನೆಯ ದಿನದಿಂದ ಗುಲಾಬಿ ಹಂದಿಯ ಚಿತ್ರವಿರುವ ಬೋನಸ್ ಅಂಗಡಿಯೇ ಗತಿ. ಅಲ್ಲಿ ಸಿಗುವ ಸ್ಕೀರ್ ಎಂಬ ಗಟ್ಟಿ ಮೊಸರಿನಂಥ ಪದಾರ್ಥಕ್ಕೆ ಊರಿನಿಂದ ಒಯ್ದ ತೆಳು ಅವಲಕ್ಕಿ ಕಲಸಿ, ಮೇಲೆ ಉಪ್ಪಿನಕಾಯಿ ಇಟ್ಟುಕೊಂಡು ಐದು ರಾತ್ರಿ ಉಂಡಿದ್ದೇವೆ. ಚೆನ್ನಾಗಿಯೇ ಇರುತ್ತದೆ.

ಯಾಕೆ ಇಷ್ಟು ದುಬಾರಿ ಎಂದರೆ, ನಮ್ಮ ರಾಜ್ಯದ ಅರ್ಧಕ್ಕಿಂತ ತುಸು ಹೆಚ್ಚು ನೆಲದಲ್ಲಿ ಹೆಚ್ಚುಕಡಿಮೆ ಶಿವಮೊಗ್ಗ ನಗರದಲ್ಲಿರುವಷ್ಟು ಜನ. ಬಹುಪಾಲು ಸಾಮಾನು ಹಡಗಿನಲ್ಲಿ ಬರಬೇಕು, ಕೂಲಿ ಹೆಚ್ಚು, ತೆರಿಗೆ ಹೆಚ್ಚು. 2008ರಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಮುಳುಗಿ ಕ್ರೋನಾ ಕುಸಿದಾಗ ಪ್ರವಾಸಿಗರಿಗೆ ಒಂದಿಷ್ಟು ವರ್ಷ ಅಗ್ಗವಾಗಿತ್ತಂತೆ. ನಾವು ಆಗ ಮನೆಸಾಲ ಕಟ್ಟುತ್ತಿದ್ದೆವು.

ಇಷ್ಟು ಹೇಳಿದರೂ 5,83,000 ಎಂಬ ಅಂಕಿಯಿಂದ ನಿಮಗೆ ಕಾಸಿನ ಉಪಯೋಗವಿಲ್ಲ, ಯಾಕೆಂದರೆ ಅದು ನಾವು ಬಿಟ್ಟದ್ದರ ಲೆಕ್ಕವೇ ಹೊರತು ನೋಡಿದ್ದರದ್ದಲ್ಲ. ಮನೆಯವರು ಮೊದಲು ಹಾಕಿದ ಯೋಜನೆಯಲ್ಲಿ ಇಡೀ ದ್ವೀಪಕ್ಕೆ ಸುತ್ತು ಬರುವ ಒಂದನೇ ನಂಬರಿನ ಹೆದ್ದಾರಿ ಪೂರ್ತಿ ಇತ್ತು. 1974ರಲ್ಲಿ ಪೂರ್ಣವಾದ 1,322 ಕಿಲೋಮೀಟರ್ ರಸ್ತೆ. ದಿನಕ್ಕೊಂದು ಬಣ್ಣ ಹಚ್ಚಿ, ಗಂಟೆಗೊಂದು ಜಲಪಾತ ಬರೆದು, ನಡುವೆ ‘ಕಾಫಿ 10 ನಿಮಿಷ’ ಎಂದೂ ಹಾಕಿದ್ದರು. ತಿರುಪತಿ, ಕಾಳಹಸ್ತಿ, ಕಂಚಿಯನ್ನು ಎರಡು ದಿನದಲ್ಲಿ ಮುಗಿಸಿದ ಮನುಷ್ಯ. ನಾನು ಕೆಂಪು ಪೆನ್ನು ತೆಗೆದುಕೊಂಡು ಕುಳಿತೆ. ಉತ್ತರದ ಆಕುರೇರಿ, ಮೀವತ್ನ್ ಸರೋವರ, ತಿಮಿಂಗಿಲ ತೋರಿಸುವ ಹೂಸಾವಿಕ್ ಹೋದವು. ಒಳನಾಡಿನ ಬಣ್ಣದ ಬೆಟ್ಟಗಳು, ಲಾಂಡ್‌ಮನ್ನಲಾಯ್ಗರ್, ಹೋದವು: ಅಲ್ಲಿನ ಒರಟು ದಾರಿಗಳಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಆಗಬೇಕು, ಹೊಳೆ ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ವಿಮೆ ಇಲ್ಲ. ಜೂನ್ ಜುಲೈ ಹೋಯಿತು; ರಾತ್ರಿಯೇ ಆಗದ ಆ ತಿಂಗಳುಗಳಲ್ಲಿ ಕೋಣೆಗಳ ಬೆಲೆಗೂ ಸೂರ್ಯಾಸ್ತವಿಲ್ಲ. ಡಿಸೆಂಬರಿನಲ್ಲಿ ನಾಲ್ಕೈದು ಗಂಟೆಯ ಬೆಳಕು, ಅದೂ ಹೋಯಿತು. ಉಳಿದದ್ದು ದಕ್ಷಿಣದ ಕರಾವಳಿ ಮತ್ತು ಸೆಪ್ಟೆಂಬರ್.

ಹಾಗಾಗಿ ನನ್ನನ್ನು ಕೇಳಬೇಕಾದದ್ದು ‘ಏನನ್ನು ನೋಡದೆ ಬಂದೆ?’ ಎಂದು. ಒಬ್ಬರೂ ಕೇಳಿಲ್ಲ. ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ. ರಾತ್ರಿಯ ಆಕಾಶದಲ್ಲಿ ಬಣ್ಣಬಣ್ಣವಾಗಿ ಅಲೆಯುವ ಉತ್ತರದ ಬೆಳಕು, ಅರೋರಾ, ನೋಡಲಿಲ್ಲ. ಎಂಟು ರಾತ್ರಿಯೂ ಮೋಡ. ಪಂಕ್ತಿಯಲ್ಲಿ ಇದನ್ನು ಹೇಳಿದ್ದರೆ ಚಿಕ್ಕಪ್ಪನಿಗೆ ಇನ್ನೊಂದು ಡ್ರೈಯರ್ ಸಿಗುತ್ತಿತ್ತು. ಇನ್ನೊಂದು, ಯೋಕುಲ್ಸಾರ್ಲೋನ್. ಹಿಮನದಿಯಿಂದ ಕಳಚಿದ ಗಡ್ಡೆಗಳು ತೇಲುವ ಆ ಸರೋವರಕ್ಕಾಗಿಯೇ ನಾವು ಅಷ್ಟು ದೂರ ಹೊರಟದ್ದು.

ವೀಕ್ ಎಂಬ ಪುಟ್ಟ ಊರಿನಿಂದ ಪೂರ್ವಕ್ಕೆ ಹೋಫ್ನ್ ತನಕ 270 ಕಿಲೋಮೀಟರ್, ಸರೋವರ ಆ ದಾರಿಯಲ್ಲಿದೆ. ಬೆಳಿಗ್ಗೆ ಎದ್ದರೆ ಹವಾಮಾನ ಇಲಾಖೆಯ ನಕ್ಷೆಯಲ್ಲಿ ನಮ್ಮ ದಾರಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಗಾಳಿ. ಮಳೆ ಎಂದರೆ ಆಗುಂಬೆಯ ಪಕ್ಕದವರಾದ ನಮಗೆ ನಗು, ಆದರೆ ಈ ಗಾಳಿಯ ಪರಿಚಯ ನಮಗಿರಲಿಲ್ಲ. ಕಾರು ಕೊಡುವಾಗಲೇ ಅಲ್ಲಿನ ಹುಡುಗಿ, ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ತೆರೆಯಿರಿ, ಗಾಳಿಗೆ ಬಾಗಿಲು ಮಡಚಿಕೊಂಡರೆ ಯಾವ ವಿಮೆಯೂ ಬರುವುದಿಲ್ಲ ಎಂದು ಮೂರು ಸಲ ಹೇಳಿದ್ದಳು. ಮನೆಯವರು ‘ಆಯಿತಮ್ಮ’ ಎನ್ನುವಂತೆ ನಕ್ಕಿದ್ದರು. ವೀಕ್‌ನಲ್ಲಿ ಅದೇ ಮನುಷ್ಯ ಕಾರಿನಿಂದ ಬ್ಯಾಗು ತರಲು ಹೋಗಿ, ಬಾಗಿಲನ್ನು ತಬ್ಬಿಕೊಂಡು, ಬಿಡಲೂ ಆಗದೆ ಮುಚ್ಚಲೂ ಆಗದೆ ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅವರ ಟೋಪಿ ಆಗಲೇ ಅಟ್ಲಾಂಟಿಕ್ ಕಡೆಗೆ ಹೊರಟಿತ್ತು.

ರಸ್ತೆ ಮುಚ್ಚಿದರು. ಹೋಫ್ನ್‌ನ ಕೋಣೆಗೆ ಕೊಟ್ಟಿದ್ದ 17,000 ರೂಪಾಯಿ ಮುಳುಗಿತು, ವೀಕ್‌ನಲ್ಲಿ ಇನ್ನೊಂದು ರಾತ್ರಿಗೆ ಮತ್ತೆ ಕೊಟ್ಟೆವು. ಬಿದ್ದದ್ದು ಎನ್ನುವುದಾದರೆ ಅದನ್ನು ಎನ್ನಿ. ತಂಗಿದ್ದ ಮನೆಯ ಒಡತಿಯ ಮಗ ರಕ್ಷಣಾ ತಂಡದ ಸ್ವಯಂಸೇವಕ, ಕೆಂಪು ಜಾಕೆಟ್ ಹಾಕಿಕೊಂಡು ರಸ್ತೆ ಕಾಯಲು ಹೋಗಿದ್ದ. ಸಂಬಳವಿಲ್ಲ. ಆ ತಂಡಗಳು ಹೊಸ ವರ್ಷಕ್ಕೆ ಪಟಾಕಿ ಮಾರಿ ದುಡ್ಡು ಹೊಂದಿಸಿಕೊಳ್ಳುತ್ತವೆ ಎಂದು ಆಕೆ ಹೇಳಿದಾಗ ನನಗೆ ನಮ್ಮ ಗಣಪತಿ ಚಂದಾ ನೆನಪಾಯಿತು. ಕಿಟಕಿಯಿಂದ ಗುಡ್ಡದ ಮೇಲಿನ ಕೆಂಪು ಚಾವಣಿಯ ಚರ್ಚು ತೋರಿಸಿದಳು. ಊರ ಹಿಂದಿನ ಹಿಮದಡಿಯಲ್ಲಿ ಕಾಟ್ಲಾ ಎಂಬ ಜ್ವಾಲಾಮುಖಿ ಇದೆ. 1918ರಲ್ಲಿ ದೊಡ್ಡದಾಗಿ ಉಕ್ಕಿತ್ತು. ಮತ್ತೆ ಉಕ್ಕಿದರೆ ಹಿಮ ಕರಗಿ ಪ್ರವಾಹ ಬರುತ್ತದೆ, ಆಗ ಊರವರೆಲ್ಲ ಓಡಬೇಕಾದದ್ದು ಆ ಚರ್ಚಿಗೆ. ಇಷ್ಟನ್ನು ಹೇಳಿ ಆಕೆ ಕಾಫಿ ಬಗ್ಗಿಸಿದಳು.

ಮಧ್ಯಾಹ್ನ ಮಾಡಲು ಏನೂ ಇಲ್ಲದೆ ಊರಿನ ಈಜುಕೊಳಕ್ಕೆ ಹೋದೆವು. ಅಲ್ಲಿ ಕೊಳಕ್ಕಿಳಿಯುವ ಮೊದಲು ಬಟ್ಟೆ ಪೂರ್ತಿ ಕಳಚಿ ಸೋಪು ಹಾಕಿ ತೊಳೆದುಕೊಳ್ಳಬೇಕು. ನೀರಿಗೆ ಕ್ಲೋರಿನ್ ಕಡಿಮೆ ಹಾಕುತ್ತಾರಾದ್ದರಿಂದ ಇದು ಕಟ್ಟುನಿಟ್ಟು. ಎಲ್ಲೆಲ್ಲಿ ತಿಕ್ಕಬೇಕೆಂದು ಮನುಷ್ಯಾಕೃತಿ ಬರೆದು ಕೆಂಪು ಬಣ್ಣ ಹಚ್ಚಿದ ಫಲಕವೂ ಗೋಡೆಯ ಮೇಲಿದೆ. ಎಳ್ಳಮಾವಾಸ್ಯೆಗೆ ತುಂಗೆಯಲ್ಲಿ ಸೀರೆಯುಟ್ಟೇ ಮುಳುಗಿ ಎದ್ದು ಬೆಳೆದವಳು ನಾನು. ಫಲಕದ ಮುಂದೆ ಟವೆಲ್ ಹಿಡಿದು ನಿಂತಿದ್ದಾಗ ಎಪ್ಪತ್ತು ದಾಟಿದ ಒಬ್ಬಾಕೆ ನನ್ನ ಪಕ್ಕದ ಶವರಿನಲ್ಲಿ ಬೆನ್ನು ತಿಕ್ಕಿಕೊಳ್ಳುತ್ತ ಏನೋ ಗುನುಗುತ್ತಿದ್ದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಐವತ್ತೊಂದು ವರ್ಷದಲ್ಲಿ ಇಷ್ಟು ಸುಲಭವಾಗಿ ಯಾರೂ ನನ್ನನ್ನು ನೋಡದೆ ಬಿಟ್ಟಿರಲಿಲ್ಲ. ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆ ಮಟ್ಟ ಕುಳಿತು, ಮಳೆ ಅಡ್ಡಡ್ಡಲಾಗಿ ಕೆನ್ನೆಗೆ ರಾಚುತ್ತಿರುವಾಗ, ಒಂದೂವರೆ ಗಂಟೆ ಕಳೆದೆವು. ಮನೆಯವರ ಯೋಜನೆಯಲ್ಲಿ ಆ ಹೊತ್ತಿಗೆ ನಾವು ಹಿಮಗಡ್ಡೆಗಳ ನಡುವೆ ದೋಣಿಯಲ್ಲಿರಬೇಕಿತ್ತು. ಅವರು ಆ ಬಗ್ಗೆ ಒಂದು ಮಾತೂ ಆಡದೆ ಕಣ್ಣು ಮುಚ್ಚಿಕೊಂಡಿದ್ದರು. ಮರುದಿನವೂ ಮಧ್ಯಾಹ್ನದ ತನಕ ರಸ್ತೆ ತೆರೆಯಲಿಲ್ಲ, ಪಶ್ಚಿಮಕ್ಕೆ ತಿರುಗಿದೆವು.

ಒಬ್ಬರೂ ಕೇಳಿಲ್ಲ ಎಂದೆ. ನನ್ನ ಪ್ರಶ್ನೆಯಲ್ಲದಿದ್ದರೂ ದುಡ್ಡಿನದ್ದಲ್ಲದ ಪ್ರಶ್ನೆ ಕೇಳಿದ್ದು ದೊಡ್ಡಮ್ಮ ಒಬ್ಬರೇ. ಅದೇ ಉಪನಯನದ ಸಂಜೆ, ಹಿತ್ತಿಲ ಬಾಗಿಲಲ್ಲಿ ಕುಳಿತು ಕವಳ ಹಾಕುತ್ತಿದ್ದರು. ನನ್ನನ್ನು ಹತ್ತಿರ ಕರೆದು, “ಅಲ್ಲಿ ನೆಲದೊಳಗಿಂದಲೇ ಬಿಸಿನೀರು ಬರುತ್ತದಂತೆ, ಹೌದೇನೇ?” ಎಂದರು. ಹದಿನೇಳಕ್ಕೆ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಹಾಕಿದವರು ಅವರು. ಹೌದೆಂದೆ. ರಾಜಧಾನಿ ರೇಕ್ಯಾವಿಕ್‌ಗೆ ನೆಸ್ಯಾವೆಟ್ಲಿರ್ ಎಂಬಲ್ಲಿಂದ 27 ಕಿಲೋಮೀಟರ್ ಕೊಳವೆಯಲ್ಲಿ ಬಿಸಿನೀರು ಬರುತ್ತದೆ, ಮನೆಮನೆಗೂ ನಲ್ಲಿಯಲ್ಲಿ, ಚಳಿಗೆ ಗೋಡೆ ಬೆಚ್ಚಗಾಗಲೂ ಅದೇ ಬಗೆಯ ನೀರು ಎಂದೆ.

“ದಾರಿಯಲ್ಲಿ ಆರುವುದಿಲ್ಲವೇ?”

“ಎರಡು ಡಿಗ್ರಿಯೂ ಆರುವುದಿಲ್ಲವಂತೆ.”

“ನಮ್ಮ ಹಂಡೆಯಿಂದ ಬಾಣಂತಿ ಕೋಣೆಗೆ ಒಯ್ಯುವಷ್ಟರಲ್ಲಿ ಆರುತ್ತದೆ” ಎಂದು ಅವರು ಸ್ವಲ್ಪ ಹೊತ್ತು ಹಂಡೆಯ ದಿಕ್ಕಿಗೆ ನೋಡಿದರು. ಸೌದೆ ಬೇಡ, ಹಾಳೆ ಬೇಡ, ಹೊಗೆಯಿಲ್ಲ ಎಂದು ಒಂದೊಂದೇ ಬೆರಳು ಮಡಚಿದರು. ಕಡೆಗೆ ಒಂದು ಬೆರಳು ಮಡಚದೆ ನಿಂತಿತು.

“ಹಾಗಾದರೆ ಪಾತ್ರೆ ತಿಕ್ಕಲು ಬೂದಿಗೆ ಏನು ಮಾಡುತ್ತಾರೆ?”

2010ರಲ್ಲಿ ಅಲ್ಲಿನ ಎಯಾಫ್ಯಾಟ್ಲಾಯೋಕುಲ್ ಎಂಬ ಜ್ವಾಲಾಮುಖಿ ಉಗುಳಿದ ಬೂದಿಗೆ ಯೂರೋಪಿನ ಬಹುಪಾಲು ವಿಮಾನಗಳು ಸುಮಾರು ಒಂದು ವಾರ ನೆಲಕ್ಕಂಟಿ ಕುಳಿತದ್ದನ್ನು ಹೇಗೆ ವಿವರಿಸಲಿ?

“ಬೂದಿಗೇನೂ ಬರವಿಲ್ಲ, ದೊಡ್ಡಮ್ಮ” ಎಂದೆ.