ತೊಪ್ಪೂರಿನ ಲೆಕ್ಕ: ಗೊಬ್ಬೂರಿ ಮತ್ತು ವೆಲುಗೋಟಿ ಮನೆತನಗಳ ಕದನ

ವಿಜಯನಗರದ ಕಥೆ ನಮ್ಮಲ್ಲಿ ಬಹುತೇಕರಿಗೆ 1565ಕ್ಕೆ ಮುಗಿದುಹೋಗುತ್ತದೆ. ಆದರೆ ಅರವೀಡು ವಂಶದ ಎರಡನೆಯ ವೆಂಕಟಪತಿರಾಯ ಪೆನುಕೊಂಡೆ, ಚಂದ್ರಗಿರಿ, ಕೊನೆಗೆ ವೇಲೂರಿನಿಂದ 1614ರವರೆಗೂ ಆಳಿದ. ಉಳಿದಿದ್ದ ರಾಜ್ಯದ ಬೆನ್ನು ಮುರಿದದ್ದು ಅವನು ಸತ್ತ ಮೇಲೆ. ಮುರಿದವರು ಹೊರಗಿನವರಲ್ಲ, ಗಾದಿಗಾಗಿ ತಮ್ಮತಮ್ಮಲ್ಲೇ ಕಾದಾಡಿದ ರಾಯನದೇ ನಾಯಕರು.

ವೆಂಕಟಪತಿ ಉತ್ತರಾಧಿಕಾರವನ್ನು ಅಸ್ಪಷ್ಟವಾಗಿ ಬಿಟ್ಟುಹೋಗಿರಲಿಲ್ಲ. ಅಣ್ಣನ ಮಗ ಶ್ರೀರಂಗನನ್ನು ಕರೆಸಿ, ನಾಯಕರ ಎದುರಿಗೇ ರಾಜಮುದ್ರೆಯ ಉಂಗುರ ಕೊಟ್ಟ. ಹಾಗಿದ್ದೂ ಎಡವಟ್ಟಾದದ್ದೇಕೆ? ಉಂಗುರದ ಹಿಂದೆ ದಂಡು ಇರಲಿಲ್ಲ. ಅಮರನಾಯಂಕರ ಪದ್ಧತಿಯಲ್ಲಿ ಸೀಮೆಯ ಹುಟ್ಟುವಳಿ ಮೊದಲು ನಾಯಕನ ಕೈಗೆ ಹೋಗುತ್ತದೆ. ಅದರಲ್ಲಿ ಅವನು ಇಂತಿಷ್ಟು ಕುದುರೆ, ಕಾಲಾಳು ಸಾಕಿ, ಮಿಕ್ಕ ಪಾಲನ್ನು ರಾಯನಿಗೆ ಕಟ್ಟಬೇಕು. ಅಂದರೆ ಸಿಪಾಯಿಯ ಅನ್ನದ ಋಣ ನಾಯಕನಿಗೆ, ರಾಯನಿಗಲ್ಲ. ಪ್ರಬಲ ರಾಯನಿದ್ದಾಗ ಈ ಏರ್ಪಾಟು ಅಗ್ಗ. ಗಾದಿ ಖಾಲಿಯಾದ ದಿನ ಅದೇ ಕುತ್ತಿಗೆಗೆ ಬರುತ್ತದೆ.

ಗೊಬ್ಬೂರಿ ಜಗ್ಗರಾಯ ರಾಣಿಯೊಬ್ಬಳ ಸೋದರ. ರಾಣಿಯ ಮಗನೆಂದು ಒಬ್ಬ ಹುಡುಗನನ್ನು ಮುಂದಿಟ್ಟ. ಅವನು ರಾಯನ ಮಗನೇ ಅಲ್ಲವೆಂಬ ಮಾತು ಆಗಲೇ ಹರಡಿತ್ತು. 1616ರ ಡಿಸೆಂಬರಿನಲ್ಲಿ ಕೊಚ್ಚಿಯಿಂದ ಬರೆದ ಜೆಸ್ವಿಟ್ ಪಾದ್ರಿ ಬರ್ರಾದಾಸ್, ಜಗ್ಗರಾಯನ ಬಲ 20,000 ಆಳು, ಅವನ ಜೊತೆಗಾರ ತಿಮ್ಮನಾಯಕನದು 12,000 ಎನ್ನುತ್ತಾನೆ. ಇವರು ಕೈ ಜೋಡಿಸಿದ ಮೇಲೆ ಶ್ರೀರಂಗ ಸಂಸಾರ ಸಮೇತ ಸೆರೆಯಾದ.

ಶ್ರೀರಂಗನಿಗೆ ಬೆನ್ನಾಗಬಹುದಾಗಿದ್ದ ಒಂದು ನೆಲೆಯೂ ನಾಲ್ಕು ವರ್ಷ ಮೊದಲೇ ಕೈಬಿಟ್ಟಿತ್ತು. ವೆಂಕಟಪತಿಯ ಅದೇ ಅಣ್ಣನ ಇನ್ನೊಬ್ಬ ಮಗ ತಿರುಮಲ ಶ್ರೀರಂಗಪಟ್ಟಣದಲ್ಲಿ ರಾಯನ ಪ್ರತಿನಿಧಿಯಾಗಿದ್ದ. 1610ರಲ್ಲಿ ಅದನ್ನು ಮೈಸೂರಿನ ರಾಜ ಒಡೆಯರು ವಶಪಡಿಸಿಕೊಂಡರು. ನಮ್ಮವರು ಇದನ್ನು ಮೈಸೂರಿನ ಏಳಿಗೆಯ ಕಥೆಯಾಗಷ್ಟೇ ಓದುತ್ತಾರೆ. ವೇಲೂರಿನ ಕಡೆಯಿಂದಲೂ ಒಮ್ಮೆ ನೋಡಬೇಕು.

ಜಗ್ಗರಾಯನಿಗೆ ತಲೆಬಾಗದೆ ನಿಂತವನು ವೆಲುಗೋಟಿ ಯಾಚಮನಾಯಕ. ಸೆರೆಮನೆಗೆ ಬಟ್ಟೆ ಒಯ್ಯಲು ಬರುತ್ತಿದ್ದ ಅಗಸನ ಮೂಲಕ ಶ್ರೀರಂಗನ ಮಗ ರಾಮದೇವನನ್ನು ಹೊರಗೆ ಸಾಗಿಸಿದ. ಇಡೀ ಯುದ್ಧದಲ್ಲಿ ಇದಕ್ಕಿಂತ ದೊಡ್ಡ ಗೆಲುವಿಲ್ಲ ಎಂದೇ ನನ್ನ ಎಣಿಕೆ. ಹಕ್ಕುದಾರನಿಲ್ಲದ ಪಕ್ಷ ಬರೀ ಬಂಡಾಯ. ಹುಡುಗ ಕೈಗೆ ಸಿಕ್ಕ ಮೇಲೆ ಅದೇ ಪಕ್ಷ ರಾಯನ ಸೇನೆ. ಜಗ್ಗರಾಯನ ಕಡೆಯವರು ಸೆರೆಯಲ್ಲಿ ಉಳಿದವರ ಸಾವಿಗೆ ಕಾರಣರಾದದ್ದಂತೂ ತಿರುಗುಬಾಣವಾಯಿತು: ತಟಸ್ಥರಾಗಿದ್ದ ನಾಯಕರೂ ಯಾಚಮನ ಕಡೆ ವಾಲಿದರು.

ಯಾಚಮನಿಗೆ ಸೋತ ಜಗ್ಗರಾಯ ದಕ್ಷಿಣಕ್ಕೆ ಸರಿದು ಮಧುರೆ, ಜಿಂಜಿ ನಾಯಕರನ್ನು ಕೂಡಿಕೊಂಡ. ತಂಜಾವೂರಿನ ರಘುನಾಥನಾಯಕ ಯಾಚಮನ ಪಕ್ಷ ಹಿಡಿದ. ತಿರುಚಿರಾಪಳ್ಳಿ ಮತ್ತು ಕಲ್ಲಣೆಯ ನಡುವೆ ಕಾವೇರಿ ದಡದ ತೊಪ್ಪೂರಿನಲ್ಲಿ ಸೈನ್ಯಗಳು ಎದುರಾದವು. ಈ ಜಾಗ ತಂಜಾವೂರಿಗೆ ಜೀವಾಳ: ಕಾವೇರಿ ಬಯಲಿನ ಗದ್ದೆಗಳಿಗೆ ನೀರು ತಿರುಗುವುದೇ ಕಲ್ಲಣೆಯಲ್ಲಿ. ಅಲ್ಲಿ ಮಧುರೆಯ ದಂಡು ಕೂತಿರುವಾಗ ರಘುನಾಥ ಸುಮ್ಮನಿರುವಂತಿರಲಿಲ್ಲ. ಧರ್ಮನಿಷ್ಠೆಯ ಮಾತು ಆಮೇಲಿನದು.

ಬರ್ರಾದಾಸ್ ಇಲ್ಲಿ ಹತ್ತು ಲಕ್ಷದಷ್ಟು ಸೈನಿಕರು ನೆರೆದಿದ್ದರೆಂದು ಬರೆಯುತ್ತಾನೆ. ನಂಬುವುದು ಕಷ್ಟ. ಅಷ್ಟು ಹೊಟ್ಟೆಗಳಿಗೆ ದಿನಕ್ಕೆ ಅರ್ಧ ಸೇರು ಅಕ್ಕಿ ಹಿಡಿದರೂ ಐದು ಲಕ್ಷ ಸೇರು ಬೇಕು. ಎತ್ತಿನ ಹೇರಿನಲ್ಲಿ ಅದನ್ನು ವಾರಗಟ್ಟಲೆ ಪೂರೈಸುವುದು ಆಗದ ಮಾತು.

ಜಗ್ಗರಾಯ ಅಲ್ಲೇ ಹತನಾದ. 1617ರಲ್ಲಿ ರಾಮದೇವನಿಗೆ ಪಟ್ಟವಾಯಿತು. ಜಗಳ ಮಾತ್ರ ನಿಲ್ಲಲಿಲ್ಲ. ಜಗ್ಗರಾಯನ ತಮ್ಮ ಎತಿರಾಜ ಹೋರಾಟ ಮುಂದುವರಿಸಿದ. ಕೊನೆಗೆ ರಾಮದೇವ ಎತಿರಾಜನ ಮಗಳನ್ನೇ ಮದುವೆಯಾಗಿ ರಾಜಿ ಮಾಡಿಕೊಂಡ. ಹುಡುಗನನ್ನು ಬಟ್ಟೆಗಂಟಿನ ಜೊತೆ ಹೊರಗೆ ತರಿಸಿ ಗಾದಿಗೇರಿಸಿದ್ದ ಯಾಚಮ, ಆ ಸಂಬಂಧ ಒಪ್ಪದೆ ದೂರ ಸರಿದ.