ಅರ್ಧ ಸೈಜಿಗೆ ಅರ್ಧ ರೇಟ್ ಯಾಕಿಲ್ಲ?

"ಸರ, ಇದರ ಅರ್ಧ ಸೈಜಿಂದು ಮಾಡಿಕೊಡ್ರಿ. ರೇಟೂ ಅರ್ಧ ಹಚ್ಚರಿ."

ಕಲಬುರಗಿಯಲ್ಲಿ ಸನ್‌ಬೋರ್ಡ್, ಥರ್ಮಾಕೋಲ್ ಕತ್ತರಿಸಿ ಮಾಡೆಲ್ ಮಾಡುವ ನನಗೆ ವಾರಕ್ಕೊಮ್ಮೆಯಾದರೂ ಈ ಮಾತು ಕೇಳಿಸುತ್ತದೆ. ಮಗನ ಶಾಲೆಯ ಎಕ್ಸಿಬಿಷನ್ ನಾಳೆ ಅನ್ನುವಾಗ ಓಡಿಬಂದ ಅಪ್ಪಂದಿರು ಕೇಳುತ್ತಾರೆ, ಮನೆ ಕಟ್ಟಿಸುವವರು ಕೇಳುತ್ತಾರೆ. ಆಗಲ್ಲ ಅಂದರೆ "ಯಾಕ್ರೀ?" ಅನ್ನುತ್ತಾರೆ. ಅಂಗಡಿ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರವಲ್ಲ ಅದು, ಹಾಗಾಗಿ ಬರೆದೇ ಬಿಡುತ್ತೇನೆ.

ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ತಗೊಳ್ಳಿ. 1367ರದ್ದು. ಪೂರ್ವ ಪಶ್ಚಿಮ 216 ಅಡಿ, ಉತ್ತರ ದಕ್ಷಿಣ 176 ಅಡಿ. ಬಡಿಗರ ಲೆಕ್ಕದಲ್ಲಿ ಇಂಚಿಗೆ ಎಂಟು ಸೂತು. ಅಡಿಗೆ ಎರಡು ಸೂತು, ಅಂದರೆ ಕಾಲಿಂಚು ಹಿಡಿದರೆ ಮಾಡೆಲ್ 54 ಇಂಚು ಉದ್ದ, 44 ಇಂಚು ಅಗಲ. ಒಂದಡಿಯಲ್ಲಿ ಕಾಲಿಂಚುಗಳು 48, ಹಾಗಾಗಿ ಇದು 1:48. ಅಷ್ಟು ದೊಡ್ಡ ಟೇಬಲ್ ಇಲ್ಲ ಅಂದರೆ ಅಡಿಗೆ ಒಂದೇ ಸೂತು ಹಿಡಿಯೋಣ. 1:96 ಆಯಿತು. 27 ಇಂಚು, 22 ಇಂಚು. ಉದ್ದ ಅರ್ಧ, ಅಗಲ ಅರ್ಧ. ಆದರೆ ಬೋರ್ಡ್ ಎಷ್ಟು ಬೇಕು ನೋಡಿ: ಮೊದಲನೆಯದಕ್ಕೆ ತಳವೇ 2,376 ಚದರ ಇಂಚು, ಎರಡನೆಯದಕ್ಕೆ 594. ಅರ್ಧ ಅಲ್ಲ, ಕಾಲು ಭಾಗ.

ಇಷ್ಟು ಹೇಳಿದ ಕೂಡಲೇ ಗಿರಾಕಿಯ ಮುಖ ಅರಳುತ್ತದೆ: "ಹಂಗಾದ್ರ ರೇಟೂ ಕಾಲು ಭಾಗ ಆಗಬೇಕಲ್ರೀ!"

ತಡೀರಿ. ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡದ ಮೇಲೆ ಛಾವಣಿ. ಅದರ ಮೇಲೆ ಸಾಲು ಸಾಲು ಗುಮ್ಮಟ. ಅನುಪಾತ ಉದ್ದವನ್ನು ಇಳಿಸೀತು, ಗುಮ್ಮಟಗಳ ಎಣಿಕೆಯನ್ನು ಇಳಿಸುವುದಿಲ್ಲ. ದೊಡ್ಡ ಮಾಡೆಲ್‌ಗೆ ಎಷ್ಟು ಗುಮ್ಮಟವೋ ಸಣ್ಣದಕ್ಕೂ ಅಷ್ಟೇ. ಟೇಬಲ್ ಟೆನಿಸ್ ಚೆಂಡನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ, ಅಂಚನ್ನು ಪಾಲಿಶ್ ಪೇಪರಿಗೆ ತಿಕ್ಕಿ ಕೂರಿಸುವುದು ನಮ್ಮ ರೂಢಿ. ಚೆಂಡು 40 ಮಿಲಿಮೀಟರ್. 1:96ರಲ್ಲಿ ಅದು 12 ಅಡಿ 7 ಇಂಚಿನ ಗುಮ್ಮಟಕ್ಕೆ ಸಮ. ಅದಕ್ಕಿಂತ ಸಣ್ಣ ಗುಮ್ಮಟ ಬೇಕಾದರೆ ಬಾಜಾರಕ್ಕೆ ಹೋಗಿ ಮಣಿ ಹುಡುಕಬೇಕು. ಮಣಿಗೆ ಫೆವಿಕಾಲ್ ಹಚ್ಚಿ ಚಿಮುಟದಲ್ಲಿ ಹಿಡಿದು ಇಡುವಾಗ ಉಸಿರು ಬಿಗಿಹಿಡಿಯಬೇಕಾಗುತ್ತದೆ, ಇಲ್ಲದಿದ್ದರೆ ಪಕ್ಕದ ಮಣಿಯೂ ಕಿತ್ತು ಬರುತ್ತದೆ. ಸಣ್ಣದಕ್ಕೆ ಬೋರ್ಡ್ ಕಮ್ಮಿ, ದಿನ ಜಾಸ್ತಿ. ನಾನು ರೇಟ್ ಹೇಳುವುದು ದಿನ ಎಣಿಸಿ.

ಘನ ಅಳತೆಗೆ ಬಂದರೆ ಇನ್ನೂ ಮಜಾ. ಉಸುಕನ್ನು ನಾವು ಬ್ರಾಸ್ ಲೆಕ್ಕದಲ್ಲಿ ತರಿಸುತ್ತೇವೆ. ಒಂದು ಬ್ರಾಸ್ ಅಂದರೆ 100 ಘನ ಅಡಿ, ಸುಮಾರು 2,831 ಲೀಟರ್. 1:50ರ ಮಾಡೆಲ್‌ಗೆ ಇದನ್ನು 50ರಿಂದ ಮೂರು ಸಲ ಭಾಗಿಸಬೇಕು. ಉಳಿಯುವುದು 23 ಮಿಲಿಲೀಟರಿಗೂ ಕಮ್ಮಿ, ಚಹಾ ಕಪ್ಪಿನ ತಳ ಮುಚ್ಚುವಷ್ಟು ಉಸುಕು!

ನನ್ನ ಬೋರ್ಡ್ ಮೇಲೆ 1:50 ಅಂತ ಬರೆದದ್ದನ್ನು ನೋಡಿ ಒಬ್ಬ ಗೌಂಡಿ ಕೇಳಿದ್ದ: "ಸಿಮೆಂಟ್ ಇಷ್ಟು ಕಮ್ಮಿ ಹಾಕಿದ್ರ ಮನಿ ನಿಲ್ತದೇನ್ರೀ?" ಚೇಷ್ಟೆಯೇ ಇರಬಹುದು, ಆದರೆ ಮಾತಿನಲ್ಲಿ ಹುರುಳಿದೆ. ಅವನ ಒಂದಕ್ಕೆ ಆರು ಅಂದರೆ ಒಂದು ಬುಟ್ಟಿ ಸಿಮೆಂಟು, ಆರು ಬುಟ್ಟಿ ಉಸುಕು, ಒಟ್ಟು ಏಳು ಬುಟ್ಟಿ. ನನ್ನ 1:6ರಲ್ಲಿ ಕಲಸುವುದೇನಿಲ್ಲ, ಅಸಲಿ ವಸ್ತುವಿನ ಉದ್ದದ ಆರನೇ ಒಂದು ಭಾಗ ಅಷ್ಟೇ. ಎರಡರ ನಡುವೆ ಅದೇ ಎರಡು ಚುಕ್ಕೆ, ಅರ್ಥ ಬೇರೆ.

ಎರಡನೇ ಸಂಖ್ಯೆ ದೊಡ್ಡದಾದಷ್ಟೂ ಮಾಡೆಲ್ ಸಣ್ಣದು, ಇದನ್ನು ಹೆಚ್ಚು ಎಳೆಯುವುದಿಲ್ಲ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಒಂದು ಕಿಲೋಮೀಟರ್ ರಸ್ತೆ ಎರಡೇ ಸೆಂಟಿಮೀಟರ್.

ಗೊತ್ತಿದ್ದೂ ನಾನೇ ಒಮ್ಮೆ ಎಡವಿದ್ದೇನೆ. 30×40 ಪ್ಲಾಟಿನ ಮನೆಯನ್ನು 1:50ರಲ್ಲಿ ಮಾಡಿದೆ. ಅಂಗಳದಲ್ಲಿ ನಿಲ್ಲಿಸಲು ಪುಟ್ಟ ಪ್ಲಾಸ್ಟಿಕ್ ಮನುಷ್ಯರ ಪಾಕೀಟು ತರಿಸಿ, ಮೇಲಿನ ಚೀಟಿ ಓದದೆ ಅಂಟಿಸಿಬಿಟ್ಟೆ. ಐದೂವರೆ ಅಡಿಯ ಆಳು 33 ಮಿಲಿಮೀಟರ್ ಇರಬೇಕಿತ್ತು, ಇವರು 17. ಅವು 1:100ರವು. ಏಳಡಿ ಬಾಗಿಲಿನ ಅರ್ಧಕ್ಕೂ ತಲೆ ಮುಟ್ಟಲಿಲ್ಲ. ಮನೆ ಯಜಮಾನರು ಬಗ್ಗಿ ನೋಡಿ, "ಇವರು ನಮ್ಮ ಮನಿ ಮಂದಿ ಅಲ್ಲ ಬಿಡ್ರಿ, ಬಾಲವಾಡಿ ಹುಡುಗರು" ಅಂದರು. ಎಲ್ಲರನ್ನೂ ಕಿತ್ತೆ. ಅಂಗಳದಲ್ಲಿ ಅಂಟಿನ ಕಲೆ ಉಳಿಯಿತು, ಅದರ ಮೇಲೆ ತುಳಸಿಕಟ್ಟೆ ಬಂತು.

ಐದೂವರೆ ಅಡಿ ಅಂದಾಗ ನೆನಪಾಯಿತು: ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರವೂ ಅಷ್ಟೇ, 1,676 ಮಿಲಿಮೀಟರ್. ಕಾಲೇಜು ಹುಡುಗನೊಬ್ಬ ವಾಡಿ ಜಂಕ್ಷನ್ ಮಾಡಬೇಕೆಂದು ಮಾಡೆಲ್ ರೈಲುಗಳ ಎಚ್‌ಓ ಅಳತೆಯ, ಅಂದರೆ 1:87ರ, ರೆಡಿಮೇಡ್ ಹಳಿ ತಂದಿದ್ದ. ಆ ಹಳಿಯ ಅಗಲ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ ಸುಮಾರು 1,435, ಅದು ಯುರೋಪು, ಅಮೆರಿಕದ ಗೇಜು. ನಮ್ಮ ಹಳಿಗೆ 19 ಮಿಲಿಮೀಟರ್ ಮೇಲೆ ಬೇಕು. "ನಿನ್ನ ವಾಡಿಯೊಳಗ ಹಳಿ ಒಂಬತ್ತೂವರೆ ಇಂಚು ಕಮ್ಮಿ ಬೀಳ್ತದಪಾ" ಅಂದೆ. ನಂಬಲಿಲ್ಲ. ಪ್ಲಾಟ್‌ಫಾರ್ಮನ್ನಾದರೂ ಸರಿಯಾಗಿ ಅಳೆದು ಬರ್ತೀನಿ ಅಂತ ನನ್ನ ಟೇಪ್ ಒಯ್ದಿದ್ದಾನೆ, ಇನ್ನೂ ವಾಪಸ್ ತಂದಿಲ್ಲ.